ಗೊಂಬೆಯನ್ನು ತಿರುಗಿಸಿ ನೋಡಿ

ಪುಣೆಯಲ್ಲಿ ಬುಧವಾರ ಮತ್ತು ಭಾನುವಾರ ಜೂನಾ ಬಜಾರ್ ಸೇರುತ್ತದೆ. ಹಳೇ ಬೀಗಗಳು, ತುಕ್ಕು ಹಿಡಿದ ಸ್ಪ್ಯಾನರು, ಓಡದ ಗಡಿಯಾರ, ಯಾರದೋ ಮನೆಯ ಹಿತ್ತಾಳೆ ಚೊಂಬು, ಎಲ್ಲವೂ ನೆಲಕ್ಕೆ ಹಾಸಿದ ಗೋಣಿಚೀಲದ ಮೇಲೆ. ನಾವಿರುವ ಇಂದಾಪುರದಿಂದ ಪುಣೆಗೆ ಮೂರು ಗಂಟೆಯ ದಾರಿ. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಶಾಲೆಯ ಕೆಲಸಕ್ಕೆಂದು ಹೋದವಳು ಅಲ್ಲಿ ಸುತ್ತುತ್ತಿದ್ದಾಗ ಒಂದು ಮರದ ಗೊಂಬೆ ಕಣ್ಣಿಗೆ ಬಿತ್ತು. ಕೈಯಿಲ್ಲ, ಕಾಲಿಲ್ಲ. ದುಂಡು ತಲೆ, ಕೊಳವೆಯಂಥ ಮೈ, ಮೈಮೇಲೆ ಕೆಂಪು ಹಸಿರಿನ ಹೂವು, ಮೇಲೂ ಕೆಳಗೂ ಉಂಗುರದಂತೆ ಗೆರೆ. ನೋಡಿದ ಕೂಡಲೇ "ಅರೇ, ನಮ್ಮೂರಿಂದು!" ಅಂದೆ. ಮಾರುವವನು ನೂರು ಹೇಳಿದ, ಅರವತ್ತಕ್ಕೆ ಕೊಟ್ಟ.

ನನ್ನೂರು ಚನ್ನಪಟ್ಟಣ. ಮದುವೆಯಾಗಿ ಇಲ್ಲಿಗೆ ಬಂದು ಒಂಬತ್ತು ವರ್ಷ. ಚನ್ನಪಟ್ಟಣದ ಹುಡುಗಿಗೆ ಮರದ ಗೊಂಬೆ ಗುರುತು ಸಿಗದೆ ಇರುತ್ತದೆಯೇ ಎಂಬ ಜಂಭ ಬೇರೆ. ಮನೆಗೆ ಬಂದು ಒರೆಸುವಾಗ ಅದರ ತಲೆ ಸ್ವಲ್ಪ ತಿರುಗಿತು, ಕುಂಯ್ ಅಂತ ಸದ್ದು ಮಾಡಿತು. ಗಾಬರಿಯಾಗಿ ತಲೆಕೆಳಗು ಮಾಡಿದರೆ ತಳದಲ್ಲಿ ಕಪ್ಪು ಮಸಿಯಿಂದ ಮೇಲಿಂದ ಕೆಳಕ್ಕೆ ಬರೆದ ಅಕ್ಷರಗಳು. ಕನ್ನಡ ಅಲ್ಲ, ಮರಾಠಿ ಅಲ್ಲ, ನಾನು ಮಕ್ಕಳಿಗೆ ಕಲಿಸುವ ಉರ್ದುವೂ ಅಲ್ಲ. ಪುಣೆಯಲ್ಲಿ ಜಪಾನಿ ಭಾಷೆ ಕಲಿತವರು ಬಹಳ ಜನ ಇದ್ದಾರೆ. ಪರಿಚಯದ ಒಬ್ಬ ಹುಡುಗಿಗೆ ಫೋಟೋ ಕಳಿಸಿದೆ. ಅವಳ ಉತ್ತರ ಬಂತು: "ಟೀಚರ್, ಇದು ಕೊಕೇಶಿ. ನಾರುಕೊ ಅನ್ನೋ ಊರಿಂದು. ಕೆಳಗೆ ಇರೋದು ಮಾಡಿದವರ ಹೆಸರು."

ಮಾಡಿದವರ ಹೆಸರು! ನನ್ನ ನಾನಾ, ಅಂದರೆ ತಾಯಿಯ ತಂದೆ, ನಲವತ್ತು ವರ್ಷ ಮರ ಕಡೆದವರು. ಅವರ ಕೈಯಿಂದ ಎಷ್ಟು ಸಾವಿರ ಗೊಂಬೆ ಹೊರಗೆ ಹೋಗಿರಬಹುದು! ಒಂದರ ತಳದಲ್ಲೂ ಅವರ ಹೆಸರಿಲ್ಲ. ಅಂದಿನಿಂದ ನನಗೆ ಗೊಂಬೆ ಕೂಡಿಡುವ ಹುಚ್ಚು ಹತ್ತಿತು. ಈಗ ಮನೆಯ ಒಂದು ಗಾಜಿನ ಬೀರುವಿನಲ್ಲಿ ಮೂವತ್ತೇಳು ಇವೆ. ದುಬಾರಿಯದ್ದು ಒಂದೂ ಇಲ್ಲ. ಹಳೇ ಬಜಾರಿನವು, ಜಾತ್ರೆಯವು, ಗಲ್ಫಿಗೆ, ಹಡಗಿಗೆ ಹೋದ ನೆಂಟರು ತಂದವು. ಹೆಚ್ಚಿನವು ಏಷ್ಯಾದವೇ. ಯಾವುದು ಕೈಗೆ ಬಂದರೂ ನಾನು ಮೊದಲು ಮುಖ ನೋಡುವುದಿಲ್ಲ, ತಳ ನೋಡುತ್ತೇನೆ.

ಕೊಕೇಶಿಯ ಕಥೆ ಓದಿದಾಗ ನಾನು ಮೋಸ ಹೋದದ್ದರಲ್ಲಿ ತಪ್ಪೇನಿಲ್ಲ ಅನ್ನಿಸಿತು. ಜಪಾನಿನ ಈಶಾನ್ಯದ ತೊಹೊಕು ಪ್ರಾಂತ್ಯದಲ್ಲಿ ಬಿಸಿನೀರಿನ ಬುಗ್ಗೆಗಳಿವೆ. ಬೇಸಾಯದ ಜನ ದಣಿವು ಕಳೆಯಲು ಅಲ್ಲಿಗೆ ಸ್ನಾನಕ್ಕೆ ಹೋಗುತ್ತಿದ್ದರು. ಆ ಬೆಟ್ಟಗಳಲ್ಲಿ ಬಟ್ಟಲು, ತಟ್ಟೆ ಕಡೆಯುವ ಮರದ ಕಸುಬಿನವರಿದ್ದರು, ಅವರಿಗೆ ಕಿಜಿಶಿ ಎಂದು ಹೆಸರು. ಅವರು 1800ರ ನಂತರದ ದಶಕಗಳಲ್ಲಿ, ಸ್ನಾನಕ್ಕೆ ಬಂದವರು ಮಕ್ಕಳಿಗೆ ಒಯ್ಯಲಿ ಅಂತ ಈ ಗೊಂಬೆಗಳನ್ನು ಮಾಡತೊಡಗಿದರು. ಮರವನ್ನು ಯಂತ್ರಕ್ಕೆ ಸಿಕ್ಕಿಸಿ ತಿರುಗಿಸಿ ಕಡೆಯುತ್ತಾರೆ. ಅದು ತಿರುಗುತ್ತಿರುವಾಗಲೇ ಕುಂಚ ತಾಗಿಸಿದರೆ ಉಂಗುರದ ಗೆರೆ ತಾನಾಗಿ ಮೂಡುತ್ತದೆ. ಊರಿಗೊಂದು ರೂಪ. ನಾರುಕೊದ ಗೊಂಬೆಗೆ ತಲೆಯನ್ನು ಬಿಗಿಯಾಗಿ ಕೂರಿಸುವುದರಿಂದ ತಿರುಗಿಸಿದರೆ ಕೀರಲು ಸದ್ದು. ಅಲ್ಲಿ ಮಾಡಿದವನು ತಳದಲ್ಲಿ ಹೆಸರು ಬರೆಯುತ್ತಾನೆ. ಕೂಡಿಡುವವರು ಆ ಹೆಸರು ನೋಡಿಯೇ ಕೊಳ್ಳುತ್ತಾರೆ.

ಈಗ ನಮ್ಮೂರಿನದು ಕೇಳಿ. ಮರ ಆಲೆ ಮರ, ಕೆಲವರು ಹಾಲೆ ಅನ್ನುತ್ತಾರೆ. ಒಳಗೆ ದಂತದ ಹಾಗೆ ಬಿಳುಪು, ಎಳೆ ಸಣ್ಣ, ಉಳಿಗೆ ಬೆಣ್ಣೆಯಂತೆ ಸಿಗುತ್ತದೆ. ತುಂಡು ಮಾಡಿ ತಿಂಗಳುಗಟ್ಟಲೆ ಒಣಗಿಸಬೇಕು, ಇಲ್ಲದಿದ್ದರೆ ಗೊಂಬೆ ಆಮೇಲೆ ಸೀಳುತ್ತದೆ. ನಾನಾ ಕಾಲದಲ್ಲಿ ಹಗ್ಗ ಸುತ್ತಿ ಬಿಲ್ಲಿನಿಂದ ಎಳೆದು ತಿರುಗಿಸುವ ಕೈಯಂತ್ರ. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಉಳಿ, ಉಳಿ ಅಲುಗದಂತೆ ಕಾಲ್ಬೆರಳಿನ ಆಸರೆ. ಕಡೆದಾದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬೆಂಕಿ ಬೇಡ, ಕುಂಚ ಬೇಡ. ಕೊನೆಗೆ ತಾಳೆ ಗರಿಯಿಂದ, ಅಂದರೆ ಕೇದಗೆ ಜಾತಿಯ ಗಿಡದ ಒಣಗಿದ ಎಲೆಯಿಂದ, ಒತ್ತಿ ತಿಕ್ಕಿದರೆ ಕನ್ನಡಿಯ ಹೊಳಪು. ನಾನು ಚಿಕ್ಕವಳಾಗಿದ್ದಾಗ ಆ ಗರಿಯ ಸುಟ್ಟ ವಾಸನೆ ನಾನಾ ಅಂಗಿಯಲ್ಲಿ ಯಾವಾಗಲೂ ಇರುತ್ತಿತ್ತು. ಅಮ್ಮೀ ಎಷ್ಟು ಒಗೆದರೂ ಹೋಗುತ್ತಿರಲಿಲ್ಲ.

ಈ ಕಸುಬು ಚನ್ನಪಟ್ಟಣಕ್ಕೆ ಹೇಗೆ ಬಂತು? ಎಲ್ಲರ ಬಾಯಲ್ಲೂ ಒಂದೇ ಉತ್ತರ: ಟಿಪ್ಪು ಸುಲ್ತಾನ್ ಪರ್ಶಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಕಲಿಸಿದರು. ಮನೆಯಲ್ಲಿ ನಾನೂ ಇದನ್ನೇ ಕೇಳಿ ಬೆಳೆದೆ. ಇತಿಹಾಸ ಪಾಠ ಮಾಡುವವಳಾದ ಮೇಲೆ ಸ್ವಲ್ಪ ತಡೆದು ಯೋಚಿಸುತ್ತೇನೆ. ಅರಗು ನಮ್ಮ ನೆಲದ್ದು. ಮುತ್ತುಗ, ಎಲಚಿ ಮರಗಳ ಮೇಲೆ ಹುಳು ಕಟ್ಟುವ ಅಂಟು ಅದು. ಮಹಾಭಾರತದಲ್ಲಿ ಅರಗಿನ ಮನೆಯೇ ಇದೆ. ಆಂಧ್ರದ ಏಟಿಕೊಪ್ಪಾಕದಲ್ಲೂ ಇದೇ ಜಾತಿಯ ಮರ, ಇದೇ ಅರಗು, ಇದೇ ತಿರುಗಿಸುವ ವಿಧಾನ, ಅಲ್ಲಿ ಟಿಪ್ಪುವಿನ ಕಥೆ ಇಲ್ಲ. ಹಾಗಾಗಿ ಎಲ್ಲವೂ ಪರ್ಶಿಯಾದಿಂದಲೇ ಬಂತು ಅನ್ನುವುದು ಹೆಚ್ಚಾಯಿತು.

ಆದರೆ ಕಥೆಯನ್ನು ಪೂರ್ತಿ ತಳ್ಳಿಹಾಕಲೂ ಮನಸ್ಸಿಲ್ಲ, ಕಾರಣ ಒಂದು ಪದ. ನಮ್ಮ ಮನೆಯ ಉರ್ದುವಿನಲ್ಲಿ ಮರ ಕಡೆಯುವ ಯಂತ್ರಕ್ಕೆ ಖರಾದ್, ಕಡೆಯುವವನಿಗೆ ಖರಾದಿ. ಅರಬಿಯಲ್ಲಿ ಕಡೆಯುವವನು ಖರ್ರಾತ್, ಪಾರ್ಸಿಯಲ್ಲಿ ಆ ಕಸುಬು ಖರ್ರಾತಿ. ಗುಜರಾತಿನ ಸಂಖೇಡಾದಲ್ಲಿ ಅರಗಿನ ಬಣ್ಣದ ಪೀಠೋಪಕರಣ ಮಾಡುವವರೂ ಖರಾದಿಗಳೇ. ಪದ ಇಷ್ಟು ದೂರ ನಡೆದು ಬಂದಿದೆ ಅಂದರೆ ಉಳಿ ಹಿಡಿದ ಕೈಗಳೂ ಅದರ ಜೊತೆ ನಡೆದಿರಬೇಕು. ಯಾವ ರಾಜ ಯಾವ ವರ್ಷ ಕರೆಸಿದ ಅನ್ನುವುದು ಪದದಿಂದ ಗೊತ್ತಾಗುವುದಿಲ್ಲ. ದಾರಿ ಇತ್ತು ಅನ್ನುವುದು ಗೊತ್ತಾಗುತ್ತದೆ.

ಟಿಪ್ಪು ಮರದ ಕಲೆಯನ್ನು ಎಷ್ಟು ಮೆಚ್ಚುತ್ತಿದ್ದರು ಅನ್ನುವುದಕ್ಕೆ ಲಂಡನ್ನಿನಲ್ಲಿ ಸಾಕ್ಷಿ ಇದೆ. ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನ ಆ ಮರದ ಹುಲಿ. ಬಿದ್ದ ಬಿಳಿಯ ಸಿಪಾಯಿಯ ಮೇಲೆ ಹುಲಿ ನಿಂತಿದೆ. ಹಿಡಿ ತಿರುಗಿಸಿದರೆ ಒಳಗಿನ ಕೊಳವೆಗಳಿಂದ ಹುಲಿ ಗರ್ಜಿಸುತ್ತದೆ, ಮನುಷ್ಯ ನರಳಿ ಕೈ ಎತ್ತುತ್ತಾನೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾಗಿ ಹೋದದ್ದು. ಅದನ್ನೂ ಗೊಂಬೆ ಅಂತಲೇ ಕರೆಯಬೇಕು, ಹೆಚ್ಚುಕಡಿಮೆ ಆಳುದ್ದದ ಗೊಂಬೆ. ಪ್ರಪಂಚವೆಲ್ಲ ಅದನ್ನು ಟಿಪ್ಪುವಿನ ಹುಲಿ ಅನ್ನುತ್ತದೆ. ಕೆತ್ತಿದವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಬ್ರಿಟಿಷರ ಕಾಲದ ಬರಹದಲ್ಲೂ ಹೀಗೇ. 1908ರ ಇಂಪೀರಿಯಲ್ ಗೆಜೆಟಿಯರ್ ಚನ್ನಪಟ್ಟಣದ ಶುಕ್ರವಾರಪೇಟೆಯನ್ನು ಹೆಸರಿಸುತ್ತದೆ. ಅರಗಿನ ಸಾಮಾನು ಮತ್ತು ಆಟಿಕೆ, ವಾದ್ಯಗಳ ತಂತಿಗೆ ಬೇಕಾದ ಸಣ್ಣ ಉಕ್ಕಿನ ಸರಿಗೆ, ಗಾಜಿನ ಬಳೆ, ಇವುಗಳಿಗೆ ಆ ಪೇಟೆ ಹೆಸರುವಾಸಿ ಎಂದು ಬರೆಯುತ್ತದೆ. ಅಲ್ಲಿ ಬಹಳ ಮುಸಲ್ಮಾನರಿದ್ದಾರೆ, ಪೇಟೆಯ ಉತ್ತರಕ್ಕೆ ಎರಡು ದೊಡ್ಡ ಗೋರಿಗಳಿವೆ ಎಂದೂ ಹೇಳುತ್ತದೆ. ಒಂದು ಅಖಿಲ್ ಶಾ ಖಾದ್ರಿಯವರದು, ಇನ್ನೊಂದು ಬೆಂಗಳೂರಿನ ಕೋಟೆಯ ಅಧಿಕಾರಿಯಾಗಿದ್ದು ಕೈದಿಗಳನ್ನು ಕರುಣೆಯಿಂದ ನೋಡಿಕೊಂಡ ಸೈಯದ್ ಇಬ್ರಾಹಿಂ ಅವರದು. ಆ ಪೇಟೆಯ ಗಲ್ಲಿಗಳಲ್ಲಿ ನಾನು ಕುಂಟೆಬಿಲ್ಲೆ ಆಡಿದ್ದೇನೆ. ಗೆಜೆಟಿಯರ್ ಓದುವಾಗ ಮೈ ಜುಮ್ ಅಂದಿತು, ನಿಜ. ಆದರೆ ಸೂಫಿಯ ಹೆಸರಿದೆ, ಅಧಿಕಾರಿಯ ಹೆಸರಿದೆ, ಸರಕಿನ ಹೆಸರಿದೆ, ಪೇಟೆಯ ಹೆಸರಿದೆ. ಖರಾದಿಯ ಹೆಸರು?

ಒಬ್ಬರ ಹೆಸರು ಮಾತ್ರ ಉಳಿದಿದೆ. ಬಾವಾಸ್ ಮಿಯಾನ್. ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಅಂತ ಅವರನ್ನು ಕರೆಯುತ್ತಾರೆ. ಜಪಾನಿನ ಗೊಂಬೆ ಮಾಡುವ ತಂತ್ರವನ್ನು ಕಲಿತು ಇಲ್ಲಿನ ಕಸುಬುದಾರರಿಗೆ ದಾಟಿಸಿದವರು ಅವರು. ಜೂನಾ ಬಜಾರಿನಲ್ಲಿ ನಾನು ಕೊಕೇಶಿಯನ್ನು "ನಮ್ಮೂರಿಂದು" ಅಂದದ್ದರಲ್ಲಿ ಅರ್ಧ ಸತ್ಯ ಇತ್ತು ನೋಡಿ. ಪರ್ಶಿಯಾದ ದಾರಿ ಬಾಯಿಮಾತಿನದ್ದು, ಜಪಾನಿನ ದಾರಿ ನಮಗೆ ಹತ್ತಿರದ ಕಾಲದ್ದು. ಜಪಾನಿನ ಗೊಂಬೆ ಇನ್ನೊಂದು ದಿಕ್ಕಿಗೂ ಹೋಗಿದೆ. ಒಂದರೊಳಗೆ ಒಂದು ಕೂರುವ ರಷ್ಯಾದ ಮಾತ್ರ್ಯೋಷ್ಕಾ ಎಲ್ಲರಿಗೂ ಗೊತ್ತು. ಅದು ಬಹಳ ಪುರಾತನ ಅಂತ ನಾನು ತಿಳಿದಿದ್ದೆ. ಮೊದಲನೆಯದನ್ನು 1890ರ ಹೊತ್ತಿಗೆ ಜ್ವ್ಯೋಜ್ದೋಚ್ಕಿನ್ ಎಂಬ ಕಡೆಯುವವನು ಕಡೆದ, ಮಲ್ಯೂತಿನ್ ಎಂಬ ಚಿತ್ರಕಾರ ಬಣ್ಣ ಹಾಕಿದ. ಜಪಾನಿನಿಂದ ಬಂದ ಒಂದು ಗೊಂಬೆಯೇ ಅದಕ್ಕೆ ಪ್ರೇರಣೆ ಎಂಬ ಮಾತಿದೆ. ಚನ್ನಪಟ್ಟಣದಲ್ಲೂ ಇಂಥ ಗೊಂಬೆ ಮಾಡುತ್ತಾರೆ, ಸೀರೆ ಉಡಿಸಿ, ಹಣೆಗೆ ಬೊಟ್ಟಿಟ್ಟು. ನನ್ನ ಬೀರುವಿನಲ್ಲಿ ಐದು ಸುತ್ತಿನದೊಂದು ಇದೆ, ಒಳಗಿನ ಪುಟ್ಟದು ನನ್ನ ಮಗನ ಕೈಗೆ ಸಿಕ್ಕಿ ಕಳೆದುಹೋಗಿ ಈಗ ನಾಲ್ಕು.

ಬೀರು ತುಂಬತೊಡಗಿದಾಗ ಮನೆಯಲ್ಲಿ ಮಾತು ಬಂತು. ನೆಂಟರಲ್ಲಿ ಹಿರಿಯರೊಬ್ಬರು ಊಟಕ್ಕೆ ಬಂದವರು ಬೀರುವಿನ ಕಡೆ ಬೆನ್ನು ಮಾಡಿ ಕುಳಿತರು. "ಬೇಟಿ, ಮುಸಲ್ಮಾನರ ಮನೆಯಲ್ಲಿ ಹೀಗೆ ಬುತ್‌ಗಳನ್ನು ಸಾಲಾಗಿ ನಿಲ್ಲಿಸೋದು ಚೆಂದಾನಾ?" ಅಂದರು. ಸಿಟ್ಟಿನಿಂದಲ್ಲ, ಕಾಳಜಿಯಿಂದಲೇ. ನಾನು ಆಲಿಮಾ ಅಲ್ಲ, ಫತ್ವಾ ಹೇಳುವ ಯೋಗ್ಯತೆಯೂ ಇಲ್ಲ. ಆದರೆ ಹಜರತ್ ಆಯಿಷಾ ಅವರ ಗೊಂಬೆಗಳ ವಿಷಯ ಬುಖಾರಿಯಲ್ಲಿ ಬರುತ್ತದೆ, ಗೆಳತಿಯರ ಜೊತೆ ಆಡುತ್ತಿದ್ದರು ಅಂತ. ಅಬೂ ದಾವೂದ್ ಸಂಗ್ರಹದಲ್ಲಿ ಅವರ ಬಳಿಯಿದ್ದ ರೆಕ್ಕೆಯ ಕುದುರೆಯ ಪ್ರಸಂಗವೂ ಇದೆ. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿಯವರು ಕೇಳಿದಾಗ ಆಯಿಷಾ ಅವರು ಹಜರತ್ ಸುಲೈಮಾನರ ಕುದುರೆಗಳನ್ನು ನೆನಪಿಸಿದರಂತೆ, ಪ್ರವಾದಿಯವರು ನಕ್ಕರಂತೆ. ಮಕ್ಕಳ ಆಟಿಕೆ ಬೇರೆ, ಅಲಂಕಾರಕ್ಕೆ ಇಡುವುದು ಬೇರೆ ಎಂದು ಉಲಮಾಗಳಲ್ಲಿ ಚರ್ಚೆ ಇದೆ. ಅದು ಅವರವರ ತಿಳುವಳಿಕೆಗೆ ಬಿಟ್ಟದ್ದು.

ಆ ದಿನ ನಾನು ಹಿರಿಯರಿಗೆ ಹದೀಸ್ ಹೇಳಲಿಲ್ಲ. ಬೇರೆ ಕೇಳಿದೆ: "ನಿಮ್ಮ ಮನೆಯಲ್ಲಿ ಗುಡ್ಡಾ ಗುಡಿಯಾ ಶಾದಿ ಆಗ್ತಿರಲಿಲ್ವಾ?" ಅವರ ಹೆಂಡತಿ ಒಳಗಿನಿಂದಲೇ ನಕ್ಕುಬಿಟ್ಟರು. ದಖ್ಖನಿ ಮನೆಗಳಲ್ಲಿ ಹುಡುಗಿಯರು ಬಟ್ಟೆಯ ಗಂಡು ಗೊಂಬೆಗೂ ಹೆಣ್ಣು ಗೊಂಬೆಗೂ ಮದುವೆ ಮಾಡುತ್ತಿದ್ದರು. ದರ್ಜಿಯ ಅಂಗಡಿಯ ಚಿಂದಿ, ಒಳಗೆ ಹತ್ತಿ, ಕಣ್ಣಿಗೆ ಕಾಡಿಗೆಯ ಎರಡು ಚುಕ್ಕೆ, ಹಳೇ ದುಪಟ್ಟಾದ ಜರಿಯಿಂದ ಮದುಮಗಳ ಸೆರಗು. ಒಂದು ಮನೆಯಿಂದ ಬರಾತ್ ಹೊರಟು ಪಕ್ಕದ ಮನೆಗೆ, ಢೋಲಕ್ಕಿನ ಬದಲು ತಟ್ಟೆ. ನಿಜವಾದ ಸಿಹಿ ಊಟವೂ ಇರುತ್ತಿತ್ತು, ಅಮ್ಮಂದಿರು ಮಾಡಿಕೊಡುತ್ತಿದ್ದರು. ಆ ಗುಡಿಯಾಗಳು ಯಾರ ಮನೆಯಲ್ಲೂ ಉಳಿದಿಲ್ಲ. ಸವೆದ ಮೇಲೆ ಒಲೆ ಒರೆಸುವ ಬಟ್ಟೆಯಾದವು. ನನ್ನ ಸಂಗ್ರಹದಲ್ಲಿ ಇರುವ ಒಂದೇ ಗುಡಿಯಾ ಆ ಹಿರಿಯರ ಹೆಂಡತಿಯೇ ಆಮೇಲೆ ಹೊಲಿದು ಕಳಿಸಿದ್ದು. ಏಷ್ಯಾದ ಪರಂಪರೆ ಅಂತ ಜಪಾನ್, ಜಾವಾ ಕಡೆ ನೋಡುತ್ತಿದ್ದವಳಿಗೆ ಅಡುಗೆಮನೆಯ ಗೊಂಬೆ ಕೊನೆಗೆ ಸಿಕ್ಕಿತು.

ಜಾವಾ ಅಂದೆ. ಸಹೋದ್ಯೋಗಿಯೊಬ್ಬರ ತಮ್ಮ ಹಡಗಿನಲ್ಲಿ ಕೆಲಸ ಮಾಡುತ್ತಾನೆ, ಅಲ್ಲಿಂದ ಒಂದು ಮರದ ಸೂತ್ರದ ಗೊಂಬೆ ತಂದುಕೊಟ್ಟ. ವಾಯಾಂಗ್ ಗೋಲೆಕ್ ಅನ್ನುತ್ತಾರೆ, ಕೈಗೆ ಕೋಲು ಕಟ್ಟಿ ಕೆಳಗಿನಿಂದ ಆಡಿಸುವಂಥದ್ದು. ಜಾವಾದಲ್ಲಿ ಗೊಂಬೆಯಾಟ ಎಂದರೆ ರಾಮಾಯಣ, ಮಹಾಭಾರತ ಎಂದು ನಮಗೆ ಗೊತ್ತು. ಆದರೆ ಅಲ್ಲಿ ಗೋಲೆಕ್ ಮೆನಾಕ್ ಎಂಬ ಇನ್ನೊಂದು ಬಗೆ ಇದೆ. ಅದರಲ್ಲಿ ಆಡುವುದು ಅಮೀರ್ ಹಮ್ಜಾನ ಕಥೆ! ಉರ್ದುವಿನಲ್ಲಿ ನಾವು ದಾಸ್ತಾನ್ ಎಂದು ಓದುವ, ಅಕ್ಬರ್ ದೊಡ್ಡ ದೊಡ್ಡ ಚಿತ್ರ ಬರೆಸಿದ ಅದೇ ಹಮ್ಜಾ. ಪರ್ಶಿಯಾದ ಕಥೆ ಮಲಯ ಭಾಷೆ ದಾಟಿ ಜಾವಾದ ಮರದ ಗೊಂಬೆಯಾಗಿ ನಿಂತಿದೆ. ಮುಸಲ್ಮಾನರಿಗೂ ಗೊಂಬೆಗೂ ಸಂಬಂಧವೇ ಇಲ್ಲ ಅನ್ನುವವರು ಆ ಊರುಗಳಲ್ಲಿ ರಾತ್ರಿ ಒಂದು ಆಟ ನೋಡಬೇಕು. ನಮ್ಮ ಕರ್ನಾಟಕದ ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತರು ಮನೆಯೊಳಗೆ ಮರಾಠಿಯನ್ನು ಹೋಲುವ ಮಾತು ಆಡುತ್ತಾರೆ, ಆಟ ಕನ್ನಡದಲ್ಲಿ. ಇಂದಾಪುರದಲ್ಲಿ ಕೂತು ಕನ್ನಡ ಬರೆಯುವ ನನಗೆ ಅವರು ದೂರದ ನೆಂಟರಂತೆ ಕಾಣುತ್ತಾರೆ.

ದಸರೆಯ ವಿಷಯ ಬಿಡುವಂತಿಲ್ಲ. ಮೈಸೂರು ಸೀಮೆಯಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವಾಗ ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಬೇಕು, ಮೂರು, ಐದು, ಏಳು, ಒಂಬತ್ತು. ಮೇಲೆ ಪಟ್ಟದ ಗೊಂಬೆ, ರಾಜ ರಾಣಿ, ರಕ್ತಚಂದನದ್ದು. ಜಪಾನಿನಲ್ಲಿ ಮಾರ್ಚ್ 3ಕ್ಕೆ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಹಿನಾ ಹಬ್ಬ. ಅಲ್ಲೂ ಮೆಟ್ಟಿಲು, ಅಲ್ಲೂ ಐದು ಇಲ್ಲ ಏಳು, ಅಲ್ಲೂ ಮೇಲೆ ಅರಸ ಅರಸಿ. ಹಾಸು ಮಾತ್ರ ಕೆಂಪು. ಹಬ್ಬ ಮುಗಿದ ಮೇಲೆ ಗೊಂಬೆ ಎತ್ತಿಡಲು ತಡ ಮಾಡಿದರೆ ಮಗಳ ಮದುವೆ ತಡವಾಗುತ್ತದೆ ಅಂತ ಅಲ್ಲಿನ ಅಮ್ಮಂದಿರ ನಂಬಿಕೆ. ನಮ್ಮ ಅಮ್ಮಂದಿರಿಗಿಂತ ಕಡಿಮೆಯೇನಿಲ್ಲ.

ಚಿಕ್ಕಂದಿನಲ್ಲಿ ದಸರಾ ಹತ್ತಿರ ಬಂದರೆ ನಮ್ಮ ಗಲ್ಲಿಯಲ್ಲಿ ರಾತ್ರಿಯಿಡೀ ಕೆಲಸ. ಬೆಂಗಳೂರು, ಮೈಸೂರಿನ ಅಂಗಡಿಗಳಿಗೆ ಮಾಲು ಹೋಗಬೇಕು. ಮದುವೆ ದಿಬ್ಬಣದ ಸೆಟ್ಟು, ಓಲಗದವರು, ಪುಟ್ಟ ಅಡುಗೆ ಸಾಮಾನು. ನಾನಾ ಫಜರ್ ನಮಾಜಿಗೆ ಎದ್ದವರು ಮತ್ತೆ ಮಲಗುತ್ತಿರಲಿಲ್ಲ. ಆ ಗೊಂಬೆಗಳು ಯಾರ್ಯಾರ ಮನೆಯ ಮೆಟ್ಟಿಲೇರಿ ಆರತಿ ಕಂಡವೋ! ಈಗ ಕೆಲವು ಸಭೆಗಳಲ್ಲಿ, ಮೊಬೈಲಿನ ಸಂದೇಶಗಳಲ್ಲಿ "ನಮ್ಮ ಸಂಸ್ಕೃತಿಯ ಗೊಂಬೆ" ಎಂಬ ಮಾತು ಕೇಳುತ್ತೇನೆ. ಸಂತೋಷವೇ. ಆದರೆ ಆ "ನಮ್ಮ" ಎಂಬುದರಲ್ಲಿ ನಾನಾ ಇದ್ದಾರೋ ಇಲ್ಲವೋ ಅಂತ ಒಂದು ಕ್ಷಣ ಮನಸ್ಸು ನಿಲ್ಲುತ್ತದೆ. ಬೀರುವಿಗೆ ಬೆನ್ನು ಮಾಡಿ ಕುಳಿತ ಹಿರಿಯರ ನೆನಪೂ ಆಗಲೇ ಬರುತ್ತದೆ. ಅವರಿಗೂ ಈ ಗೊಂಬೆ ನಮ್ಮದಲ್ಲ.

ಗೊಂಬೆ ಕೂಡಿಡುವವರಲ್ಲಿ ದೊಡ್ಡ ಹೆಸರು ದೆಹಲಿಯ ಶಂಕರ್ ಅವರದು, ವ್ಯಂಗ್ಯಚಿತ್ರಕಾರ ಕೆ. ಶಂಕರ್ ಪಿಳ್ಳೆ. ಅವರು ನಡೆಸುತ್ತಿದ್ದ ಮಕ್ಕಳ ಸ್ಪರ್ಧೆಗೆ ಬಹುಮಾನವಾಗಿ ಹಂಗೇರಿಯ ರಾಯಭಾರಿ ಒಂದು ಗೊಂಬೆ ಕೊಟ್ಟರು. ಅದಕ್ಕೆ ಮನಸೋತು ಶುರುವಾದ ಸಂಗ್ರಹ 1965ರಲ್ಲಿ ಬಹಾದೂರ್ ಷಾ ಜಫರ್ ಮಾರ್ಗದ ನೆಹರೂ ಹೌಸಿನಲ್ಲಿ ಅಂತರರಾಷ್ಟ್ರೀಯ ಗೊಂಬೆ ಮ್ಯೂಸಿಯಂ ಆಯಿತು. ಅಲ್ಲಿ ಒಂದು ಭಾಗ ಯುರೋಪು, ಅಮೆರಿಕ ಮುಂತಾದವಕ್ಕೆ, ಇನ್ನೊಂದು ಏಷ್ಯಾ, ಆಫ್ರಿಕಾ ಮತ್ತು ನಮ್ಮ ದೇಶಕ್ಕೆ. ಆರು ಸಾವಿರಕ್ಕೂ ಹೆಚ್ಚು ಗೊಂಬೆಗಳು. ನಮಗೆ ಹತ್ತಿರದಲ್ಲಿ ಪುಣೆಯ ರಾಜಾ ದಿನಕರ್ ಕೇಳ್ಕರ್ ಮ್ಯೂಸಿಯಂ ಇದೆ. ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡ ಮಗನ ಹೆಸರಿನಲ್ಲಿ ಕೇಳ್ಕರ್ ಅಡಕತ್ತರಿ, ದೀಪ, ಬಾಚಣಿಗೆಯಂಥ ಮನೆಬಳಕೆಯ ಸಾಮಾನುಗಳನ್ನು ಊರೂರು ಅಲೆದು ಕೂಡಿಸಿದರು. ಕೋಥ್ರೂಡಿನಲ್ಲಿದ್ದ ಮಸ್ತಾನಿಯ ಮಹಲನ್ನೂ ಬಿಚ್ಚಿ ತಂದು ಅಲ್ಲಿ ಜೋಡಿಸಿದ್ದಾರೆ. ಪುಣೆಗೆ ಹೋದ ನಮ್ಮ ಓದುಗರು ಇದನ್ನು ತಪ್ಪಿಸಬೇಡಿ.

ಅವರ ಹಾಗೆ ನಾನೂ ಮೊದಲು ಚೀಟಿ ಅಂಟಿಸುವಾಗ ದೇಶ, ಊರು, ಕೊಂಡ ವರ್ಷ ಬರೆಯುತ್ತಿದ್ದೆ. ಚನ್ನಪಟ್ಟಣದ ಗೊಂಬೆಗೆ 2005-06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು, ಅದನ್ನೂ ಬರೆದೆ. ಬೇರೆ ಊರಿನ ಮಾಲಿಗೆ ಚನ್ನಪಟ್ಟಣದ ಹೆಸರು ಹಾಕಬಾರದು ಎಂಬ ಕಾನೂನು ಒಳ್ಳೆಯದೇ. ಪ್ಲಾಸ್ಟಿಕ್ ಆಟಿಕೆಗಳ ಮಳೆಯಲ್ಲಿ ಎಷ್ಟೋ ಮನೆಗಳ ಯಂತ್ರ ನಿಂತವು, ಕೆಲವರು ರೇಷ್ಮೆ ನೂಲು ತೆಗೆಯಲು ಹೋದರು, ನನ್ನ ಇಬ್ಬರು ಮಾಮಂದಿರು ಆಟೋ ಹಿಡಿದರು. ಉಳಿದವರಿಗೆ ಊರಿನ ಹೆಸರಿನಿಂದ ಒಂದಿಷ್ಟು ಆಸರೆಯಾಯಿತು. ಆದರೆ ಕಾನೂನು ಕಾಯುವುದು ಊರಿನ ಹೆಸರನ್ನು. ಆಮೇಲೆ ನನ್ನ ಚೀಟಿಯಲ್ಲಿ ಒಂದು ಸಾಲು ಸೇರಿಸಿದೆ: ಮಾಡಿದವರು. ಮೂವತ್ತೇಳರಲ್ಲಿ ಆ ಸಾಲು ತುಂಬಿದ್ದು ಎರಡೇ, ನಾರುಕೊದ ಕೊಕೇಶಿ ಮತ್ತು ಬಟ್ಟೆಯ ಗುಡಿಯಾ.

ಇಂದಾಪುರದಲ್ಲಿ ಶಿವಾಜಿ ಮಹಾರಾಜರ ಅಜ್ಜ ಮಾಲೋಜಿರಾಜೆಯ ಗಢಿ ಇದೆ, ಚಾಂದ್ ಶಾ ವಲಿಯವರ ದರ್ಗಾ ಇದೆ. ಮಾಲೋಜಿ ತನ್ನ ಮಕ್ಕಳಿಗೆ ಶಹಾಜಿ, ಶರೀಫಜಿ ಎಂದು ಹೆಸರಿಟ್ಟದ್ದು ಅಹ್ಮದ್‌ನಗರದ ಸೂಫಿ ಶಾ ಶರೀಫರ ಮೇಲಿನ ಭಕ್ತಿಯಿಂದ. ಎಂಟನೇ ತರಗತಿಯ ಮಕ್ಕಳಿಗೆ ಇದನ್ನು ಹೇಳುವಾಗ ಒಂದು ದಿನ ಗೊಂಬೆಗಳನ್ನೂ ಒಯ್ದಿದ್ದೆ. ಒಬ್ಬ ಹುಡುಗ ಎಲ್ಲವನ್ನೂ ತಲೆಕೆಳಗು ಮಾಡಿ ನೋಡಿ ಕೇಳಿದ: "ಟೀಚರ್, ಇವರು ಹೆಸರು ಬರೆಯಲಿಲ್ಲ ಯಾಕೆ? ಓದು ಬರಹ ಬರ್ತಿರಲಿಲ್ವಾ?" ನಾನಾಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಅಕ್ಷರಗಳು ಮುತ್ತಿನಂತೆ. ಯಾರೂ ಬರೆಯಲು ಹೇಳಲಿಲ್ಲ, ಅಷ್ಟೇ. ಡಜನ್ ಲೆಕ್ಕದಲ್ಲಿ ಕೊಂಡುಹೋಗುವವರಿಗೆ ತಳದಲ್ಲಿ ಬೆಲೆ ಬರೆಯಲು ಜಾಗ ಬೇಕಿತ್ತು.

ಹೋದ ಬೇಸಿಗೆ ರಜೆಯಲ್ಲಿ ಚನ್ನಪಟ್ಟಣಕ್ಕೆ ಹೋಗಿ ಮಾಮನ ಮನೆಯ ಅಟ್ಟ ಹುಡುಕಿದೆ. ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಏಳು ಗೊಂಬೆ ಸಿಕ್ಕವು. ಬಣ್ಣ ಮಾಸಿಲ್ಲ, ಅರಗು ಅಲ್ಲಲ್ಲಿ ಬಿರುಕು ಬಿಟ್ಟಿದೆ. ಎರಡರ ತಳದಲ್ಲಿ ಪೆನ್ಸಿಲಿನಿಂದ ಅಂಕಿ. ಖಾಲಾ ಕೈಗೆತ್ತಿಕೊಂಡು ಕುತ್ತಿಗೆಯ ಹತ್ತಿರ ಬೆರಳಾಡಿಸಿ, "ಇವು ಮೂರು ಅಬ್ಬಾದು. ಅವರು ಕುತ್ತಿಗೆಗೆ ಎರಡು ಸಲ ಉಳಿ ಕೊಡ್ತಿದ್ದರು, ನೋಡು, ಇಲ್ಲಿ ಗೀರು" ಅಂದರು. ಮಾಮ ಒಪ್ಪಲಿಲ್ಲ. ಕರೆಂಟಿನ ಯಂತ್ರ ಬಂದ ಮೇಲಿನ ಗೊಂಬೆ ಇವೆಲ್ಲ, ಕಾರ್ಖಾನೆಯವು, ಅಬ್ಬಾ ಆಗ ಕಣ್ಣು ಮಂಜಾಗಿ ಮನೆಯಲ್ಲೇ ಇದ್ದರು ಅಂತ ಅವರ ವಾದ. ಚಹಾ ಆರುವವರೆಗೂ ಅಣ್ಣ ತಂಗಿಯ ಜಗಳ ನಡೆಯಿತು. ಡಬ್ಬಿಯನ್ನು ನಾನು ಇಂದಾಪುರಕ್ಕೆ ತಂದೆ. ಮೂರು ಗೊಂಬೆಗಳ ಚೀಟಿಯಲ್ಲಿ ಕೊನೆಯ ಸಾಲು ಹೀಗೆ ಬರೆದಿದ್ದೇನೆ: ಮಾಡಿದವರು ನನ್ನ ನಾನಾ, ಖಾಲಾ ಹೇಳಿದ್ದು, ಮಾಮ ಒಪ್ಪುವುದಿಲ್ಲ.